ಅಕ್ಕೋರಿಗೊಂದು ಪ್ರಶ್ನೆ: ಫೀಸು ಕಟ್ಟುವ ಮೊದಲು ವಾರ್ಡಿಗೆ ಹೋಗಿ ಬಾ

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದವು. ಆರೋಗ್ಯ ಕ್ಷೇತ್ರದಲ್ಲಿ ಪದವಿ ಮುಗಿಸಿ ಮುಂದೆ ಓದಬೇಕೆಂದಿರುವವರು, ಓದಿಸಬೇಕೆಂದಿರುವವರು ಬರೆದಿದ್ದಾರೆ. ವಿಶ್ವವಿದ್ಯಾಲಯ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದೇ ಮೂವರ ಪ್ರಶ್ನೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಅದರಲ್ಲಿ ಹೇಳಿದ್ದು ಉಳಿದ ಇಬ್ಬರಿಗೂ ಬೇಕಾಗುತ್ತದೆ, ಅವರೂ ಓದಲಿ.

ಪ್ರಶ್ನೆ: ಅಕ್ಕೋರೆ, ನನಗೆ 27 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕುಮಟಾದ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಈಗ ಎಂ.ಎಸ್ಸಿ. ಮಾಡುವ ಆಸೆ. ಅಪ್ಪ ಮೀನಿನ ಬೋಟಿಗೆ ಹೋಗುತ್ತಾರೆ. ಸಾಲ ಮಾಡಿಯೇ ಓದಬೇಕು. ಮೂರು ಕಡೆ ವಿಚಾರಿಸಿದ್ದೇನೆ. ಒಂದು ಡೀಮ್ಡ್ ವಿಶ್ವವಿದ್ಯಾಲಯ, ಫೀಸು ಜಾಸ್ತಿ. ಒಂದು ಸರ್ಕಾರಿ ಕಾಲೇಜು, ಸೀಟು ಸಿಗುವುದೇ ಕಷ್ಟ. ಇನ್ನೊಂದು ಖಾಸಗಿ ಕಾಲೇಜು, ಫೀಸು ಕಡಿಮೆ. 'ದಿನಾ ಬರಬೇಕಂತಿಲ್ಲ, ಕೆಲಸ ಮಾಡ್ತಾನೇ ಮುಗಿಸಬಹುದು' ಅಂದರು. ಎಲ್ಲರೂ ನ್ಯಾಕ್ ಗ್ರೇಡು, ರ್‍ಯಾಂಕು ಎಂದು ಹೇಳುತ್ತಾರೆ. ಯಾವುದು ಒಳ್ಳೇದು ಅಂತ ನನ್ನಂಥವಳು ಹೇಗೆ ತಿಳಿಯಬೇಕು?
(ಹೆಸರು ಬೇಡ, ಅಂಕೋಲಾ ತಾಲೂಕು)

ಉತ್ತರ: ತಂಗಿ, ನಿನ್ನ ಪತ್ರದ ಒಂದು ಮಾತು ಓದಿ ನನಗೆ ಗಾಬರಿಯಾಯಿತು. 'ದಿನಾ ಬರಬೇಕಂತಿಲ್ಲ' ಅಂದರಂತಲ್ಲ, ಆ ಕಾಲೇಜನ್ನು ಇವತ್ತೇ ಬಿಟ್ಟುಬಿಡು. ಫೀಸು ಎಷ್ಟೇ ಕಡಿಮೆ ಇರಲಿ.

ಯಾಕೆಂದು ಹೇಳುತ್ತೇನೆ. ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷದ ಪೂರ್ತಿ ಹೊತ್ತಿನ ಓದು. ನಾನು ಪಾಠ ಮಾಡುತ್ತಿದ್ದದ್ದು ಭಾರತೀಯ ಶುಶ್ರೂಷಾ ಪರಿಷತ್ತು, ಅಂದರೆ ನಾವೆಲ್ಲ ಐಎನ್‌ಸಿ ಎನ್ನುವ ಸಂಸ್ಥೆ, ಹಾಕಿಕೊಟ್ಟ ಪಠ್ಯಕ್ರಮದ ಪ್ರಕಾರ. ಅದರಲ್ಲಿ ವಿಶೇಷ ವಿಷಯದ ಪ್ರಾಕ್ಟಿಕಲ್‌ಗೆ ಮೊದಲ ವರ್ಷ 650 ತಾಸು, ಎರಡನೇ ವರ್ಷ 950 ತಾಸು. ಒಟ್ಟು 1,600 ತಾಸು. ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಇದ್ದರೆ ಆಯಿತು. ಆದರೆ ಪದವಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ನೂರಕ್ಕೆ ನೂರು ಮುಗಿದಿರಬೇಕು. ದಿನಕ್ಕೆ ಎಂಟು ತಾಸು ಹಿಡಿದರೂ ರೋಗಿಗಳ ಹತ್ತಿರವೇ 200 ದಿನ ಕಳೆಯಬೇಕು. ಕುಮಟಾದಲ್ಲಿ ಡ್ಯೂಟಿ ಮಾಡುತ್ತ ಆ 200 ದಿನ ನೀನು ಎಲ್ಲಿಂದ ತರುತ್ತೀಯ? ತರುವುದಿಲ್ಲ. ಪ್ರಾಕ್ಟಿಕಲ್ ಮಾಡಿದ ಹಾಗೆ ಲಾಗ್‌ಬುಕ್ಕಿನಲ್ಲಿ ಬರೆಸುತ್ತಾರೆ.

ಅಂಥ ಲಾಗ್‌ಬುಕ್ಕನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಒಂದು ಕಾಲೇಜಿಗೆ ಹೊರಗಿನ ಪರೀಕ್ಷಕಿಯಾಗಿ ಹೋಗಿದ್ದೆ. ಹುಡುಗಿ ಒಳ್ಳೆಯ ಹುಡುಗಿ, ಮಾತು ಚೂಟಿ. ಅವಳ ಪುಸ್ತಕ ತೆರೆದರೆ ಆರು ತಿಂಗಳ ಬರಹ ಒಂದೇ ಪೆನ್ನಿನದು. ಅಕ್ಷರ ಒಂದೇ ಸಮ. ವಾರ್ಡಿನಲ್ಲಿ ನಿಂತು ಬರೆದ ಪುಸ್ತಕ ಹಾಗಿರುವುದಿಲ್ಲ. ಅಂಚಿನಲ್ಲಿ ಬೆಟಾಡಿನ್ ಕಲೆ ಇರುತ್ತದೆ, ಒಂದು ಪುಟ ನೀಲಿ, ಒಂದು ಪುಟ ಕಪ್ಪು, ರಾತ್ರಿ ಪಾಳಿಯ ದಿನ ಅಕ್ಷರ ಸೊಟ್ಟ. ಪುಟ ತಿರುವುತ್ತ ಹೋದೆ. ಒಂದು ಕಡೆ ಫೆಬ್ರವರಿ 30 ಎಂದು ತಾರೀಕು ಹಾಕಿ ಒಬ್ಬ ರೋಗಿಗೆ ರಕ್ತ ಕೊಟ್ಟದ್ದನ್ನು ಬರೆದಿದ್ದಳು. ಅದರ ಕೆಳಗೆ ಮೇಡಂ ಸಹಿ. ಆ ಹುಡುಗಿಯ ಮುಖ ನೋಡಿ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅವಳ ಅಪ್ಪನೂ ಎಲ್ಲೋ ಸಾಲ ಮಾಡಿಯೇ ಫೀಸು ಕಟ್ಟಿರುತ್ತಾನೆ, ಅಲ್ವಾ?

ಇನ್ನೊಂದು ಅಪಾಯವೂ ಇದೆ. ಒಂದೇ ಅವಧಿಗೆ ಪೂರ್ತಿ ಓದಿನ ಸರ್ಟಿಫಿಕೇಟು, ಪೂರ್ತಿ ಕೆಲಸದ ಅನುಭವ ಪತ್ರ ಎರಡೂ ನಿನ್ನ ಹತ್ತಿರ ಇದ್ದರೆ, ನಾಳೆ ಸರ್ಕಾರಿ ಕೆಲಸಕ್ಕೋ ವಿದೇಶಕ್ಕೋ ಅರ್ಜಿ ಹಾಕಿದಾಗ ದಾಖಲೆ ನೋಡುವವರು ಕೇಳುತ್ತಾರೆ. ಆಗ ಓದಿಗೂ ಕುತ್ತು, ಅನುಭವಕ್ಕೂ ಕುತ್ತು.

ಈಗ ನನ್ನದೇ ಕಥೆ. ನಾನು ಎಂ.ಎಸ್ಸಿ. ಸೇರುವಾಗ ನೋಡಿದ್ದು ಎರಡೇ: ಹಾಸ್ಟೆಲ್ ಇದೆಯೋ, ಫೀಸು ಎಷ್ಟು. ಘಟ್ಟದ ಮೇಲಿನ ಒಂದು ಕಾಲೇಜು. ಕಟ್ಟಡ ಚೆನ್ನಾಗಿತ್ತು, ಮುಂದೆ ಗುಲಾಬಿ ತೋಟ. ಆಸ್ಪತ್ರೆಯ ಐಸಿಯುನಲ್ಲಿ ನಾಲ್ಕೇ ಹಾಸಿಗೆ. ಅದರಲ್ಲೂ ಎರಡು ಖಾಲಿಯೇ ಇರುತ್ತಿದ್ದವು. ಒಬ್ಬ ರೋಗಿಯ ಸುತ್ತ ನಾವು ಎಂಟು ಜನ ನಿಲ್ಲುತ್ತಿದ್ದೆವು. ಎರಡು ವರ್ಷದಲ್ಲಿ ವೆಂಟಿಲೇಟರ್ ಹಾಕಿದ ರೋಗಿಗೆ ನಾನು ನನ್ನ ಕೈಯಾರೆ ಸಕ್ಷನ್, ಅಂದರೆ ನಳಿಗೆಯಿಂದ ಕಫ ಎಳೆಯುವ ಕೆಲಸ, ಮಾಡಿದ್ದು ಮೂರು ಸಲ. ಫಸ್ಟ್ ಕ್ಲಾಸ್ ಬಂತು. ಮನೆಯಲ್ಲಿ ಹೋಳಿಗೆ ಮಾಡಿದರು.

ಪಾಠ ಮಾಡುವ ಕೆಲಸ ಸಿಕ್ಕಿತು. ಮೊದಲ ವಾರವೇ ಹನ್ನೆರಡು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಒಂದು ದೊಡ್ಡ ಆಸ್ಪತ್ರೆಯ ಐಸಿಯುಗೆ ಹೋದೆ. ನಾವು ನಿಂತಿದ್ದ ಹಾಸಿಗೆಯ ವೆಂಟಿಲೇಟರ್ ಅಲಾರಂ ಹೊಡೆದುಕೊಂಡಿತು. ಹೈ ಪ್ರೆಶರ್. ಹನ್ನೆರಡು ಜೊತೆ ಕಣ್ಣು ನನ್ನ ಮೇಲೆ. ಪುಸ್ತಕದ ಸಾಲು ಬಾಯಲ್ಲಿತ್ತು: ಕಫ ಕಟ್ಟಿರಬಹುದು, ನಳಿಗೆ ಮಡಚಿರಬಹುದು, ರೋಗಿ ಕಚ್ಚುತ್ತಿರಬಹುದು. ಕೈ ಮಾತ್ರ ಮುಂದೆ ಹೋಗಲಿಲ್ಲ. ಆಗ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಬಂದರು. ಅವರು ಓದಿದ್ದು ಡಿಪ್ಲೊಮಾ. ರೋಗಿಯ ಗಲ್ಲ ಹಿಡಿದು, ಹಲ್ಲಿನ ನಡುವೆ ಬೈಟ್ ಬ್ಲಾಕ್ ಸರಿಮಾಡಿ, ನಳಿಗೆಯನ್ನು ಒಂದು ಸಲ ಕಣ್ಣಿನಲ್ಲೇ ಅಳೆದು, ಅಲಾರಂ ನಿಂತ ಮೇಲೆ ರೋಗಿಯ ಹಣೆ ಸವರಿ ಹೋದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದು ಸಂಜೆ ನಾನೇ ಅವರ ಹತ್ತಿರ ಹೋಗಿ ಕಲಿಸಿ ಎಂದು ಕೇಳಿಕೊಂಡೆ. ಎಂಟು ತಿಂಗಳು, ನನ್ನ ಕೆಲಸ ಮುಗಿದ ಮೇಲೆ, ಅವರ ಸಂಜೆ ಪಾಳಿಯಲ್ಲಿ ನಿಂತು ಕಲಿತೆ. ನನಗೆ ಸರ್ಟಿಫಿಕೇಟು ಕೊಟ್ಟದ್ದು ಒಂದು ವಿಶ್ವವಿದ್ಯಾಲಯ. ವಿದ್ಯೆ ಕೊಟ್ಟವರು ಆ ಸಿಸ್ಟರ್. ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ. ಎಂ.ಎಸ್ಸಿ. ಅಂದರೆ ಕಟ್ಟಡ ಅಲ್ಲ, ಗ್ರೇಡು ಅಲ್ಲ. ಎಷ್ಟು ರೋಗಿಗಳು, ಅವರ ಹತ್ತಿರ ನಿನ್ನ ಪಕ್ಕ ನಿಂತು ಕಲಿಸುವವರು ಯಾರು, ಇದೇ ಎಂ.ಎಸ್ಸಿ.

ಗ್ರೇಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ನೋಡಿ ಗ್ರೇಡು ಕೊಡುವ ನ್ಯಾಕ್ ಎಂಬ ಸಂಸ್ಥೆ 1994ರಿಂದ ಇದೆ, ಮುಖ್ಯ ಕಚೇರಿ ಬೆಂಗಳೂರಲ್ಲೇ. ಅದು ಅಳೆಯುವುದು ಇಡೀ ಸಂಸ್ಥೆಯನ್ನು. ಇಂಜಿನಿಯರಿಂಗು, ಮೆಡಿಕಲ್ಲು, ನರ್ಸಿಂಗು ಎಲ್ಲ ಇರುವ ವಿಶ್ವವಿದ್ಯಾಲಯಕ್ಕೆ ಎ ಪ್ಲಸ್ ಬಂದರೆ ಅದರಲ್ಲಿ ನಿನ್ನ ವಿಭಾಗದ ಪಾಲು ಎಷ್ಟೆಂದು ಆ ಅಕ್ಷರದಿಂದ ತಿಳಿಯುವುದಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕು 2016ರಿಂದ ಬರುತ್ತಿದೆ. ಅದರಲ್ಲಿ ಮೆಡಿಕಲ್, ಡೆಂಟಲ್, ಫಾರ್ಮಸಿಗೆ ಬೇರೆ ಬೇರೆ ಪಟ್ಟಿ ಇದೆ. ನರ್ಸಿಂಗಿಗೆ ಪ್ರತ್ಯೇಕ ಪಟ್ಟಿ ಇಲ್ಲ. ಆದ್ದರಿಂದ 'ನಮ್ಮದು ಇಷ್ಟನೇ ರ್‍ಯಾಂಕು' ಎಂದರೆ ಯಾವುದರಲ್ಲಿ ಎಂದು ಕೇಳು. ಹಾಗಂತ ನ್ಯಾಕ್ ಪೂರ್ತಿ ನಿರುಪಯೋಗಿ ಅಲ್ಲ. ಸಂಸ್ಥೆ ತಾನೇ ಬರೆದುಕೊಟ್ಟ ಸ್ವಯಂ ಅಧ್ಯಯನ ವರದಿ ಅದರ ವೆಬ್‌ಸೈಟಿನಲ್ಲಿ ಇರುತ್ತದೆ. ಅದರಲ್ಲಿ ಶಿಕ್ಷಕರ ಹೆಸರು ಹುಡುಕಿ ಬರೆದುಕೋ. ನೀನು ಕಾಲೇಜಿಗೆ ಹೋದ ದಿನ ಅವರಲ್ಲಿ ಎಷ್ಟು ಜನ ಅಲ್ಲಿದ್ದಾರೆ ನೋಡು. ತಪಾಸಣೆಯ ದಿನ ಮಾತ್ರ ಕಾಣುವ ಮೇಡಂಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾಗದಪತ್ರ ಮೊದಲು ಮನೆಯಲ್ಲೇ ಕುಳಿತು ನೋಡು. ಡೀಮ್ಡ್ ಆದರೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಪಟ್ಟಿಯಲ್ಲಿ ಇದೆಯೇ. ಬೇರೆ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯೇ. ಐಎನ್‌ಸಿ ಪಟ್ಟಿ ನೋಡು, ಬೆಂಗಳೂರಿನ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲೂ ಕೇಳು. ಇಲ್ಲಿ ಒಂದು ಸೂಕ್ಷ್ಮ ಇದೆ. ಬಿ.ಎಸ್ಸಿ.ಗೆ ಅನುಮತಿ ಇದ್ದ ಮಾತ್ರಕ್ಕೆ ಎಂ.ಎಸ್ಸಿ.ಗೂ ಇದೆ ಎಂದಲ್ಲ. ಹೆರಿಗೆ ವಿಭಾಗದ ಎಂ.ಎಸ್ಸಿ.ಗೆ ಸೀಟು ಇದ್ದರೆ ಮಾನಸಿಕ ಆರೋಗ್ಯಕ್ಕೂ ಇದೆ ಎಂದಲ್ಲ. ನಿನ್ನ ವಿಷಯ, ಈ ವರ್ಷ, ಎಷ್ಟು ಸೀಟು: ಮೂರನ್ನೂ ಬರಹದಲ್ಲೇ ನೋಡಬೇಕು. ನಿನ್ನ ಕಡೆಯಿಂದ ಬಿ.ಎಸ್ಸಿ.ಯಲ್ಲಿ ಶೇ. 55 ಅಂಕ, ಒಂದು ವರ್ಷದ ಅನುಭವ, ಕೌನ್ಸಿಲ್ ನೋಂದಣಿ ಇದ್ದರೆ ಅರ್ಹತೆಯ ಚಿಂತೆ ಇಲ್ಲ.

ಇಷ್ಟಾದ ಮೇಲೆ ಬಸ್ಸು ಹತ್ತು. ಫೋನಿನಲ್ಲಿ ಕೇಳಿದರೆ ಎಲ್ಲವೂ ಚೆಂದವೇ. ಸೋಮವಾರ ಬೇಡ, ರಜೆಯ ಹಿಂದಿನ ದಿನ ಬೇಡ, ಅವರೇ 'ಬನ್ನಿ' ಎಂದು ಕರೆಯುವ ದಿನವಂತೂ ಬೇಡವೇ ಬೇಡ. ಬುಧವಾರವೋ ಗುರುವಾರವೋ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿರು. ಕಾಲೇಜಿನಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ಪ್ರಿನ್ಸಿಪಾಲರನ್ನು ಕೇಳಿ, ಒಪ್ಪಿಗೆ ಪಡೆದೇ ವಾರ್ಡಿಗೆ ಹೋಗು. 'ಸೇರುವ ಮೊದಲು ಒಂದು ಸಲ ವಾರ್ಡು ನೋಡಬೇಕಿತ್ತು' ಎಂದು ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ಕಡೆ ಬೇಡ ಎನ್ನುವುದಿಲ್ಲ. ನೀನು ನಾಲ್ಕು ವರ್ಷ ಡ್ಯೂಟಿ ಮಾಡಿದವಳು. ವಾರ್ಡಿಗೆ ಕಾಲಿಟ್ಟ ಐದು ನಿಮಿಷದಲ್ಲಿ ನಿನ್ನ ಮೂಗು, ಕಣ್ಣು ನಿನಗೆ ಹೇಳುತ್ತವೆ. ಅವುಗಳನ್ನು ನಂಬು.

ಎರಡು ವರ್ಷದ ಹಿಂದೆ ನನ್ನ ಅಣ್ಣನ ಮಗಳ ಜೊತೆ ಹೀಗೆ ಎರಡು ಕಡೆ ಹೋಗಿದ್ದೆ. ಮೊದಲ ಕಡೆ ಸ್ಕಿಲ್ ಲ್ಯಾಬ್ ತೋರಿಸಿದರು. ಬೀಗದ ಕೈ ಆಫೀಸಿನಲ್ಲಿ. ತರುವುದಕ್ಕೆ ಇಪ್ಪತ್ತು ನಿಮಿಷ. ಒಳಗೆ ಸಿಪಿಆರ್ ಕಲಿಸುವ ಗೊಂಬೆಯ ಎದೆಗೆ ಕಂಪನಿಯ ಪ್ಲಾಸ್ಟಿಕ್ ಇನ್ನೂ ಸುತ್ತಿಕೊಂಡಿತ್ತು. ನಮ್ಮ ಹುಡುಗಿ ಅದನ್ನು ಬೆರಳಿನಿಂದ ಮುಟ್ಟಿ ನನ್ನ ಮುಖ ನೋಡಿದಳು. ಎರಡನೇ ಕಡೆ ಗೊಂಬೆ ಹಳೆಯದು. ಎದೆಯ ರಬ್ಬರು ಸವೆದು ಬಣ್ಣ ಹೋಗಿತ್ತು, ಒಂದು ಕೈಗೆ ಪ್ಲಾಸ್ಟರು. ಕಟ್ಟಡವೂ ಹಳೆಯದು, ಮಳೆಗಾಲದಲ್ಲಿ ಸೋರಿದ ಗುರುತು ಗೋಡೆಯ ಮೇಲೆ. ಆದರೆ ಮೆಡಿಕಲ್ ವಾರ್ಡಿನಲ್ಲಿ ಒಬ್ಬ ಮೇಡಂ, ಎರಡನೇ ವರ್ಷದ ಹುಡುಗಿಯನ್ನು ಮೂತ್ರದ ಚೀಲದ ಮುಂದೆ ಕೂರಿಸಿ ಕೇಳುತ್ತಿದ್ದರು: 'ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು? ಇವತ್ತು ಯಾಕೆ ಕಡಿಮೆ? ಡಾಕ್ಟರ್ ಬರುವವರೆಗೆ ನೀನು ಏನು ನೋಡ್ತೀಯ?' ಹುಡುಗಿ ಚಾರ್ಟು ನೋಡದೆ ನಿನ್ನೆಯ ಲೆಕ್ಕ ಹೇಳಿದಳು. ನಾವು ಮತ್ತೇನೂ ಕೇಳಲಿಲ್ಲ. ಈಗ ನಮ್ಮ ಹುಡುಗಿ ಅಲ್ಲಿಯೇ ಎರಡನೇ ವರ್ಷದಲ್ಲಿದ್ದಾಳೆ.

ಆಸ್ಪತ್ರೆಯಿಂದ ಬರುವಾಗ ಎರಡನೇ ವರ್ಷದ ವಿದ್ಯಾರ್ಥಿನಿಯರ ಜೊತೆ ಒಂದು ಕಪ್ ಚಹಾ ಕುಡಿ. ಮೇಡಂ ಇಲ್ಲದ ಕಡೆ. ಕಾಲೇಜು ಚೆನ್ನಾಗಿದೆಯಾ ಎಂದು ಕೇಳಬೇಡ, ಎಲ್ಲರೂ ಹೂಂ ಎನ್ನುತ್ತಾರೆ. ಹೋದ ವಾರ ಯಾವ ರೋಗಿಯನ್ನು ನೋಡಿಕೊಂಡೆ, ನಿನ್ನ ಗೈಡ್ ಜೊತೆ ಕೊನೆಯ ಸಲ ಕುಳಿತು ಮಾತಾಡಿದ್ದು ಯಾವಾಗ ಎಂದು ಕೇಳು. ಬಿ.ಎಸ್ಸಿ. ಮಕ್ಕಳಿಗೆ ಪಾಠ ಯಾರು ಮಾಡುತ್ತಾರೆ ಎಂದೂ ಕೇಳು. ಪಾಠ ಮಾಡಿ ಕಲಿಯುವುದು ನಿನ್ನ ಓದಿನ ಒಂದು ಭಾಗ, ಅದು ಸರಿ. ಆದರೆ ಕೆಲವು ಕಡೆ ಶಿಕ್ಷಕರು ಸಾಕಷ್ಟಿಲ್ಲದೆ ಎಂ.ಎಸ್ಸಿ. ಹುಡುಗಿಯರನ್ನೇ ಇಡೀ ವರ್ಷ ತರಗತಿಗೆ ತಳ್ಳುತ್ತಾರೆ. ಫೀಸು ಕೊಟ್ಟು ಸಂಬಳವಿಲ್ಲದೆ ದುಡಿದ ಹಾಗೆ.

ಗೈಡ್ ವಿಷಯ ಇನ್ನೊಂದು ಮಾತು. ಎಂ.ಎಸ್ಸಿ.ಯಲ್ಲಿ ನೀನು ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಬಹಳಷ್ಟು ಪ್ರಬಂಧಗಳು ಅದರ ಡಿಜಿಟಲ್ ಸಂಗ್ರಹದಲ್ಲಿ ಓದಲು ಸಿಗುತ್ತವೆ. ನಿನಗೆ ಗೈಡ್ ಆಗಬಹುದಾದವರ ಕೈಕೆಳಗೆ ಬಂದ ನಾಲ್ಕೈದು ತೆಗೆದು ನೋಡು. ನಮ್ಮ ಕ್ಷೇತ್ರದಲ್ಲಿ ಒಂದು ಅಚ್ಚು ಇದೆ. ಒಂದು ರೋಗ, ಒಂದು ಊರು, 'ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ' ಎಂಬ ಒಂದು ಪಾಠ, ಪಾಠಕ್ಕೆ ಮೊದಲು ಪ್ರಶ್ನೆಪತ್ರಿಕೆ, ಆಮೇಲೆ ಅದೇ ಪ್ರಶ್ನೆಪತ್ರಿಕೆ, ಜನರ ತಿಳಿವಳಿಕೆ ಹೆಚ್ಚಿತು ಎಂಬ ಫಲಿತಾಂಶ. ಐದು ವರ್ಷದ ಐದು ಪ್ರಬಂಧದಲ್ಲಿ ರೋಗದ ಹೆಸರು, ಊರಿನ ಹೆಸರು ಮಾತ್ರ ಬದಲಾಗಿದ್ದರೆ ಆ ಗೈಡ್ ಹತ್ತಿರ ಹೊಸದು ಸಿಗುವುದು ಕಷ್ಟ. ಒಂದೇ ಒಂದು ಪ್ರಬಂಧದಲ್ಲಿ ನಿಜವಾದ ವಾರ್ಡಿನ ಪ್ರಶ್ನೆ ಕಂಡರೂ, ಉದಾಹರಣೆಗೆ ಹಾಸಿಗೆ ಹುಣ್ಣು ಯಾವ ಪಾಳಿಯಲ್ಲಿ ಶುರುವಾಗುತ್ತದೆ ಎಂಬಂಥದ್ದು, ಆ ಹೆಸರನ್ನು ಬರೆದುಕೋ. ಡೀಮ್ಡ್ ವಿಶ್ವವಿದ್ಯಾಲಯವಾದರೆ ಪಿಎಚ್.ಡಿ. ಪ್ರಬಂಧಗಳನ್ನು ಶೋಧಗಂಗಾ ಎಂಬ ವೆಬ್‌ಸೈಟಿನಲ್ಲಿ ಹುಡುಕು. ಕುಮಟಾದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಇಷ್ಟೆಲ್ಲ ಓದಲು ಕಷ್ಟ ಎಂದು ಗೊತ್ತು. ಆದರೂ ಎರಡು ಭಾನುವಾರ ಕೊಡು.

ದುಡ್ಡಿನ ವಿಷಯ. ಫೀಸಿನ ಪಟ್ಟಿಯಲ್ಲಿ ಇರದ ಖರ್ಚನ್ನು ಕೇಳಿ ಬರೆದುಕೋ: ಪರೀಕ್ಷೆ ಫೀಸು, ಹೊರಗಿನ ಆಸ್ಪತ್ರೆಗೆ ಪೋಸ್ಟಿಂಗಿಗೆ ಕಳಿಸಿದಾಗಿನ ಓಡಾಟ, ಪ್ರಬಂಧದ ಅಚ್ಚು. ಮೂಲ ಅಂಕಪಟ್ಟಿ ಕೊಟ್ಟು ಹೋಗಿ ಎಂದರೆ ಕೊಡಬೇಡ. ಪರಿಶೀಲನೆಗೆ ತೋರಿಸಿ ವಾಪಸ್ ತಗೋ. ಮೂಲ ದಾಖಲೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಬ್ಯಾಂಕಿನ ಸಾಲಕ್ಕೆ ಅಪ್ಪನ ಸಹಿ ಹಾಕಿಸುವ ಮೊದಲು, ಹೋದ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಕೇಳು. ಗೋಡೆಯ ಮೇಲಿನ ಫೋಟೋ ನೋಡಿ ಬರಬೇಡ. ಇಬ್ಬರ ನಂಬರು ಪಡೆದು ಮಾತಾಡು.

ಸರ್ಕಾರಿ ಕಾಲೇಜಿಗೆ ಪ್ರಯತ್ನ ಮಾಡದೆ ಬಿಡಬೇಡ. ಅಲ್ಲಿ ರೋಗಿಗಳಿಗೆ ಬರವಿಲ್ಲ. ಒಂದು ವೇಳೆ ಸಿಗದಿದ್ದರೆ ಡೀಮ್ಡ್ ಕಡೆಯದನ್ನು ಮೇಲೆ ಹೇಳಿದ ಹಾಗೆ ನೋಡಿ ಬಾ. ಇನ್ನೊಂದು ದಾರಿಯನ್ನು ನೀನು ಬರೆದಿಲ್ಲ, ನಾನೇ ಹೇಳುತ್ತೇನೆ. ಐಎನ್‌ಸಿ 'ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್' ಎಂಬ ಎರಡು ವರ್ಷದ ಸ್ನಾತಕೋತ್ತರ ಓದು ತಂದಿದೆ. ಅದು ರೆಸಿಡೆನ್ಸಿ ರೀತಿಯದು. ಹೆಚ್ಚಿನ ಹೊತ್ತು ಐಸಿಯುನಲ್ಲೇ ಇದ್ದು ಕಲಿಯಬೇಕು. ನಿನಗೆ ಪಾಠ ಮಾಡುವುದಕ್ಕಿಂತ ರೋಗಿಯ ಹತ್ತಿರ ಇರುವುದೇ ಇಷ್ಟವಾದರೆ ವಿಚಾರಿಸು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಂಥವರು ಬೇಕು, ತಂಗಿ. ಇಲ್ಲೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆ ಕೂಗುತ್ತಿದ್ದಾರೆ. ತಲೆಗೆ ಪೆಟ್ಟಾದವರನ್ನು ಇವತ್ತಿಗೂ ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ, ಗೋವಾಕ್ಕೆ ಒಯ್ಯುತ್ತೇವೆ. ಆ ದಾರಿಯುದ್ದಕ್ಕೂ ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕುಳಿತಿರುವುದು ನಿನ್ನಂಥ ನರ್ಸ್.

ಪ್ರಶ್ನೆ: ಮಗಳು ಬಿಎಎಸ್‌ಎಲ್‌ಪಿ, ಅಂದರೆ ಮಾತು ಮತ್ತು ಶ್ರವಣದ ಪದವಿ ಮುಗಿಸಿದ್ದಾಳೆ. ಎಂ.ಎಸ್ಸಿ.ಗೆ ಮೈಸೂರಿನ ಆಯಿಷ್ ಪರೀಕ್ಷೆ ಬರೆಯುತ್ತೇನೆ ಅನ್ನುತ್ತಾಳೆ. ಸಿಗದಿದ್ದರೆ ಬೇರೆ ಕಡೆ ಯಾವುದನ್ನು ನೋಡಬೇಕು? ನಮಗೆ ಅಡಿಕೆ ತೋಟ ಬಿಟ್ಟು ಈ ವಿಷಯ ಗೊತ್ತಿಲ್ಲ.
(ಒಬ್ಬ ತಂದೆ, ಶಿರಸಿ)

ಉತ್ತರ: ಮಗಳು ಸರಿಯಾದ ಕಡೆಯೇ ನೋಡುತ್ತಿದ್ದಾಳೆ. ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಇಲಾಖೆಯದು. ಈ ವಿಷಯದಲ್ಲಿ ದೇಶಕ್ಕೇ ಹೆಸರಾದ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಪುಣ್ಯ. ಬರೆಯಲಿ.

ಬೇರೆ ಕಡೆ ನೋಡುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ಮಾನ್ಯತೆ ಆ ಕೋರ್ಸಿಗೆ ಇದೆಯೇ ನೋಡಿ. ಎಂ.ಎಸ್ಸಿ.ಯಲ್ಲಿ ಶ್ರವಣ ಬೇರೆ, ಮಾತು ಮತ್ತು ಭಾಷೆ ಬೇರೆ. ಎರಡಕ್ಕೂ ಪ್ರತ್ಯೇಕವಾಗಿ ಕೇಳಿ.

ಆಮೇಲೆ ಅವರ ಕ್ಲಿನಿಕ್ಕಿನಲ್ಲಿ ಒಂದು ಬೆಳಿಗ್ಗೆ ಕುಳಿತುಕೊಳ್ಳಿ. ನೀವೇ ಕುಳಿತುಕೊಳ್ಳಿ, ಮಗಳ ಜೊತೆ. ಬರುವ ಮಕ್ಕಳನ್ನು ಎಣಿಸಿ. ಮಗುವಿಗೆ ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರಲ್ಲ, ಆ ಚಿತ್ರಗಳನ್ನು ನೋಡಿ. ಸೇಬು, ಸ್ಟ್ರಾಬೆರಿ, ಹಿಮದ ಗೊಂಬೆ ಇದ್ದರೆ ಶಿರಸಿಯ ಮೂರು ವರ್ಷದ ಮಗು ಸುಮ್ಮನಿರುತ್ತದೆ. ಮಾತು ಬಾರದೆ ಸುಮ್ಮನಿರುವುದಲ್ಲ, ನೋಡಿಯೇ ಇಲ್ಲ ಎಂದು ಸುಮ್ಮನಿರುವುದು. ಹಲಸಿನಹಣ್ಣು, ಕೊಡಪಾನ, ಎಮ್ಮೆ ಕರು ತೋರಿಸಿದರೆ ಅದೇ ಮಗು ಬಾಯಿ ತೆರೆಯುತ್ತದೆ. ಮನೆಯಲ್ಲಿ ಹವ್ಯಕ ಮಾತಾಡುವ ಮಗುವಿಗೆ, ಕೊಂಕಣಿ ಮಾತಾಡುವ ಮಗುವಿಗೆ ಪರೀಕ್ಷೆ ಹೇಗೆ ಮಾಡುತ್ತೀರಿ ಎಂದು ಕೇಳಿ. ಆ ಪ್ರಶ್ನೆಗೆ ಶಿಕ್ಷಕರು ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ಉತ್ತರ ಹೇಳಿದರೆ ಮಗಳನ್ನು ಅಲ್ಲಿ ಬಿಡಬಹುದು. ತೋಟದವರಿಗೆ ಇದೆಲ್ಲ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ನರ್ಸರಿಯಲ್ಲಿ ಅಡಿಕೆ ಸಸಿ ಆರಿಸುವಾಗ ನೀವು ಎಲೆ ನೋಡಿ ಬಿಡುತ್ತೀರಾ? ಬೇರು ನೋಡುತ್ತೀರಿ, ತಾಯಿಮರ ಯಾವುದೆಂದು ಕೇಳುತ್ತೀರಿ. ಇಲ್ಲೂ ಅಷ್ಟೇ ಎಚ್ಚರ ಸಾಕು.

ಪ್ರಶ್ನೆ: ನಾನು ಬಿಎಎಂಎಸ್ ವೈದ್ಯ. ಹಳ್ಳಿಯಲ್ಲಿ ಒಂಬತ್ತು ವರ್ಷದಿಂದ ಪ್ರಾಕ್ಟೀಸ್. ಮಂಗನ ಕಾಯಿಲೆಯ ದಿನಗಳಲ್ಲಿ ಜ್ವರದವರನ್ನು ನೋಡಿ ನೋಡಿ ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಮಾಡುವ ಮನಸ್ಸಾಗಿದೆ. ಅಮೆರಿಕದಲ್ಲಿರುವ ಬಾವ ಅಲ್ಲಿಯ ವಿಶ್ವವಿದ್ಯಾಲಯ ನೋಡು ಎನ್ನುತ್ತಾರೆ. ಇಲ್ಲಿ ಮಾಡಲೋ, ಅಲ್ಲಿ ಮಾಡಲೋ?
(ಸಿದ್ದಾಪುರ ತಾಲೂಕು)

ಉತ್ತರ: ಡಾಕ್ಟ್ರೇ, ನಿಮ್ಮ ಪತ್ರ ಓದಿ ಸಂತೋಷವಾಯಿತು. ಮೊದಲು ಒಂದು ಸ್ಪಷ್ಟ ಮಾತು. ಎಂಪಿಎಚ್ ಮಾಡಿದರೆ ನಿಮ್ಮ ಚಿಕಿತ್ಸೆಯ ಹಕ್ಕು ಏನೂ ಬದಲಾಗುವುದಿಲ್ಲ. ಅದು ಮೆಡಿಕಲ್ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ಎಂ.ಡಿ.ಗೆ ಸಮಾನವೂ ಅಲ್ಲ. ಹಾಗೆ ಹೇಳಿ ಸೇರಿಸಿಕೊಳ್ಳುವವರು ಇದ್ದರೆ ದೂರ ಇರಿ.

ಅಮೆರಿಕದ ಕಡೆ ಒಂದು ಒಳ್ಳೆಯ ಪದ್ಧತಿ ಇದೆ. ಅಲ್ಲಿ ವಿಶ್ವವಿದ್ಯಾಲಯಕ್ಕೆ ಬೇರೆ ಮಾನ್ಯತೆ, ಕೋರ್ಸಿಗೆ ಬೇರೆ ಮಾನ್ಯತೆ. ಸಾರ್ವಜನಿಕ ಆರೋಗ್ಯಕ್ಕೆ ಸಿಇಪಿಎಚ್ ಎಂಬ ಸಂಸ್ಥೆ, ಫಿಜಿಯೋಥೆರಪಿಗೆ ಕ್ಯಾಪ್ಟಿ. ಫಿಜಿಯೋಥೆರಪಿ ಕೋರ್ಸು ನಡೆಸುವವರು ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನ ಲೈಸೆನ್ಸ್ ಪರೀಕ್ಷೆ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲೇಬೇಕು. ನಮ್ಮಲ್ಲೂ ಇಂಥದ್ದು ಬರಬೇಕೆಂದು ನನ್ನ ಆಸೆ. ಬಾವ ಹೇಳುವ ವಿಶ್ವವಿದ್ಯಾಲಯದ ಎಂಪಿಎಚ್ ಸಿಇಪಿಎಚ್ ಪಟ್ಟಿಯಲ್ಲಿ ಇದೆಯೇ ನೋಡಿ. ಅದರ ನಿಯಮದಲ್ಲಿ ಎಂಪಿಎಚ್‌ಗೆ ಕನಿಷ್ಠ 42 ಕ್ರೆಡಿಟ್ ಬೇಕು, ತರಗತಿಯ ಹೊರಗೆ ನಿಜವಾದ ಕೆಲಸವನ್ನೂ ಮಾಡಬೇಕು.

ಆದರೆ ನಿಮ್ಮ ಪ್ರಶ್ನೆ ಮಂಗನ ಕಾಯಿಲೆಯದು. 1957ರಲ್ಲಿ ಈ ರೋಗ ಮೊದಲು ಗುರುತಿಗೆ ಸಿಕ್ಕಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ನಿಮ್ಮ ತಾಲೂಕಿನ ನೆರೆಯಲ್ಲಿ. ಉಣುಗು ಕಚ್ಚಿ ಬರುವ ಈ ಜ್ವರ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ. ದರಕು, ಅಂದರೆ ಒಣಗಿ ಉದುರಿದ ಎಲೆ, ತರಲು ಬೆಟ್ಟಕ್ಕೆ ಹೋಗುವ ಹೆಂಗಸರು ಉಣುಗು ಹತ್ತಿರ ಬಾರದಂತೆ ತಡೆಯುವ ಡೀಪಾ ಎಣ್ಣೆಯನ್ನು ಮೈಗೆ ಯಾಕೆ ಹಚ್ಚಿಕೊಳ್ಳುವುದಿಲ್ಲ, ಸತ್ತ ಮಂಗನ ಸುದ್ದಿ ಆಶಾ ಕಾರ್ಯಕರ್ತೆಯನ್ನು ಮುಟ್ಟಲು ಎಷ್ಟು ದಿನ ಹಿಡಿಯುತ್ತದೆ: ಇದು ನಿಮ್ಮ ವಿಷಯ. ಇದನ್ನು ಕಲಿಯಲು ಕ್ಷೇತ್ರ ಹತ್ತಿರ ಇರಬೇಕು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೇನನ್ ಕೇಂದ್ರದಲ್ಲಿ 1997ರಿಂದ ಎಂಪಿಎಚ್ ಇದೆ. ನಮ್ಮ ರಾಜ್ಯದಲ್ಲೂ ಮೈಸೂರು, ಮಣಿಪಾಲ, ಬೆಂಗಳೂರಿನಲ್ಲಿ ಇದೆ. ಪ್ರತಿ ಕಡೆಯೂ ಅರ್ಹತೆ ಬೇರೆ. ನಿಮ್ಮ ಪದವಿಗೆ ಅವಕಾಶ ಇದೆಯೇ ಎಂದು ಅವರ ಪ್ರವೇಶ ಪ್ರಕಟಣೆಯಲ್ಲೇ ಓದಿಕೊಳ್ಳಿ.

ಎಲ್ಲಿಗೇ ಹೋಗಿ, ನಿಮ್ಮ ಕ್ಷೇತ್ರ ಯಾವುದು, ಯಾವ ಊರುಗಳು, ವಿದ್ಯಾರ್ಥಿ ಅಲ್ಲಿ ಎಷ್ಟು ವಾರ ಇರುತ್ತಾನೆ ಎಂದು ಕೇಳಿ. ಅಂಕಿಅಂಶ ಕಲಿಸುವವರು ಯಾರು ಎಂದು ಕೇಳಿ. ಎಂಪಿಎಚ್‌ನ ಬೆನ್ನೆಲುಬು ಅದು. ಅದನ್ನು ಹೊರಗಿನವರಿಂದ ನಾಲ್ಕು ದಿನದಲ್ಲಿ ಮುಗಿಸುವ ಕಡೆ ಬೇಡ.

ನಿಮ್ಮ ಹತ್ತಿರ ಒಂಬತ್ತು ವರ್ಷದ ಜ್ವರದ ರೋಗಿಗಳ ವಹಿ ಇರಬೇಕಲ್ಲ. ಊರು, ತಿಂಗಳು, ಜ್ವರದ ದಿನ ಬರೆದಿಟ್ಟದ್ದು. ರೋಗಿಗಳ ಹೆಸರು ಬಿಟ್ಟು ಒಂದು ವರ್ಷದ್ದನ್ನು ಬೇರೆ ಕಾಗದದ ಮೇಲೆ ಇಳಿಸಿಕೊಳ್ಳಿ. ಸೇರಬೇಕೆಂದಿರುವ ಕಡೆಯ ಪ್ರಾಧ್ಯಾಪಕರ ಮುಂದೆ ಅದನ್ನಿಟ್ಟು, ಇದರಿಂದ ಏನು ತಿಳಿಯಬಹುದು ಎಂದು ಕೇಳಿ. ಅವರು ಕನ್ನಡಕ ಏರಿಸಿ, 'ಫೆಬ್ರವರಿಯಲ್ಲಿ ಈ ಎರಡು ಊರಲ್ಲೇ ಯಾಕೆ ಜಾಸ್ತಿ?' ಎಂದು ನಿಮ್ಮನ್ನೇ ವಾಪಸ್ ಕೇಳಿದರೆ ಅಲ್ಲಿ ಸೇರಿಬಿಡಿ.